ಹನ್ನೊಂದು ಜನ ಬ್ರುಮಾಲ್ಬಾಗಳು

ಇಂದಿರಮ್ಮನವರ ಎದುರು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಪರಿಚಿತರಾಗಿ ಉಳಿದವರು ಯಾರೂ ಇಲ್ಲ. ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಊರಿಗೆ ಊರು ಜೋಡಿಸಿ ನಿವೃತ್ತರಾದ ಹೆಂಗಸು. ಬಸ್ಸಿನಲ್ಲಿ ಪಕ್ಕ ಕೂತವರನ್ನು ಯಾವೂರು ಎಂದು ಶುರು ಮಾಡಿ, ಯಾರ ಪೈಕಿ ಎಂದು ಮುಂದುವರಿಸಿ, ಇಳಿಯುವ ಸ್ಟಾಪು ಬರುವುದರೊಳಗೆ ಅವರ ಸೋದರತ್ತೆಯ ನಾದಿನಿ ತಮ್ಮ ಓರಗಿತ್ತಿಯ ತವರಿನವಳೇ ಎಂದು ಸಾಧಿಸಿಬಿಡುತ್ತಿದ್ದರು. ಅವರು ಕುದುರಿಸಿದ ಮದುವೆಗಳು ಎಷ್ಟು ಎಂದು ಅವರಿಗೇ ನೆನಪಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಪರ್ತ್‌ನಲ್ಲಿ ಡಾಕ್ಟರಾಗಿರುವ ಮಗಳು ಅಪರ್ಣಾಳ ಮನೆಗೆ ಬಂದರು. ಬಂದು ಹನ್ನೊಂದು ವರ್ಷವಾಯಿತು. ಈ ಊರಿನಲ್ಲಿ ಎಲ್ಲ ಚೆನ್ನಾಗಿತ್ತು, ಅವರ ವಿದ್ಯೆಯೊಂದು ಮಾತ್ರ ತುಕ್ಕು ಹಿಡಿಯುತ್ತಿತ್ತು. ಪಕ್ಕದ ಮನೆಯವರನ್ನು ಯಾರ ಪೈಕಿ ಎಂದು ಕೇಳಿದರೆ ಅವರು ಹವಾಮಾನ ಹೇಳುತ್ತಿದ್ದರು.

ಹೀಗಿರುವಾಗ ಮೊಮ್ಮಗಳು ನಿಕಿತಾ ಫ್ರೀಮ್ಯಾಂಟಲ್ ಬಂದರಿನಲ್ಲಿ ಎಂಜಿನಿಯರಾಗಿರುವ ಮಾರ್ಕೊ ಬ್ರುಮಾಲ್ಬಾ ಎಂಬ ಹುಡುಗನನ್ನು ಕರೆದುಕೊಂಡು ಬಂದು, ಇವನನ್ನೇ ಮದುವೆಯಾಗುವುದು ಎಂದಳು. ಹುಡುಗ ಇಟಾಲಿಯನ್ ಎಂಬುದಕ್ಕೆ ಇಂದಿರಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಸಲ ಹುಳಿ ಹಾಕಿಸಿಕೊಂಡು ಉಂಡವನಲ್ಲಿ ಏನು ಕುಂದು ಹುಡುಕುವುದು? ಅವರ ನಿದ್ದೆ ಕೆಡಿಸಿದ್ದು ಬೇರೆ ವಿಷಯ. ಮದುವೆಗೆ ಬರುವವರ ಪಟ್ಟಿ ಮಾಡಿದಾಗ ಹೆಣ್ಣಿನ ಕಡೆಯವರು ಇನ್ನೂರ ಇಪ್ಪತ್ತು ಜನ, ಗಂಡಿನ ಕಡೆಯವರು ನಾಲ್ಕು ಜನ. ಹುಡುಗ, ಅಪ್ಪ ಪಾವ್ಲೊ, ಅಮ್ಮ, ಅಜ್ಜ ಪಿಯೆತ್ರೊ. ಅಮ್ಮನ ತವರಿನವರು ಐರ್ಲೆಂಡಿನಲ್ಲಿ, ಬರುವ ಹಾಗಿಲ್ಲ.

ನಾಲ್ಕು ಜನರನ್ನು ಎದುರುಗೊಳ್ಳುವುದು ಹೇಗೆ? ಬೀಗರ ಊಟದಲ್ಲಿ ಯಾರನ್ನು ಗೇಲಿ ಮಾಡುವುದು, ಯಾರ ಕೈಯಲ್ಲಿ ಮಾಡಿಸಿಕೊಳ್ಳುವುದು? ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತದೆಯೇ? ತನ್ನ ಒಬ್ಬಳೇ ಮೊಮ್ಮಗಳ ಮದುವೆ ಒಂಟಿ ಕಡೆಯ ಮದುವೆ ಆಗಿಬಿಡುತ್ತದಲ್ಲ ಎಂದು ಇಂದಿರಮ್ಮನಿಗೆ ನಿಜಕ್ಕೂ ದುಃಖವಾಯಿತು. ಈ ಕಾಲದಲ್ಲಿ ಯಾರಮ್ಮ ತಲೆ ಎಣಿಸ್ತಾರೆ ಎಂದಳು ಅಪರ್ಣಾ. ನಿಕಿತಾ, "ಇಟ್ಸ್ ಫೈನ್, ಅಜ್ಜಿ" ಎಂದಳು. ಈ ಹುಡುಗಿಗೆ ಎಲ್ಲವೂ ಫೈನು.

ಪಿಯೆತ್ರೊ ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ಬೆಳೆಯುವವರು. ಎಂಬತ್ತಕ್ಕೆ ಒಂದು ಕಡಿಮೆ, ಅಗಲವಾದ ಅಂಗೈ, ಮಾತು ಕಡಿಮೆ. ಬೀಗರಾಗುವವರನ್ನು ಅವರು ಭಾನುವಾರದ ಊಟಕ್ಕೆ ಕರೆದಿದ್ದರು. ಇಂದಿರಮ್ಮ ಕೂತ ಐದೇ ನಿಮಿಷಕ್ಕೆ ತಮ್ಮ ಎಕ್ಸ್‌ಚೇಂಜಿನ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು. ನಿಮ್ಮ ಮನೆತನದ ಮೂಲ ಯಾವುದು, ಎಷ್ಟು ತಲೆಮಾರಿನ ಹೆಸರು, ಹಿರಿಯರು ಯಾರು?

ಪಿಯೆತ್ರೊ ಗ್ಲಾಸು ಕೆಳಗಿಟ್ಟರು. ಆಮೇಲೆ ನಿಧಾನವಾಗಿ, ಉತ್ತರ ಇಟಲಿಯ ಒಂದು ಬೆಟ್ಟದ ಮೇಲೆ ನಮ್ಮದೊಂದು ಕಲ್ಲಿನ ಗೋಪುರವಿತ್ತು ಎಂದರು. ನಾನೂರು ವರ್ಷದ ಹಿಂದೆ ನಮ್ಮ ಹಿರಿಯನೊಬ್ಬ ಜಮೀನ್ದಾರ, ರಾಜನ ಬಲಗೈ. ಬ್ರೆಡ್ಡು ಮುರಿಯುತ್ತಿದ್ದ ಪಾವ್ಲೊ ಕೈ ಹಾಗೆಯೇ ನಿಂತಿತು. ಮಾರ್ಕೊ ಅಜ್ಜನನ್ನು ಹೊಸದಾಗಿ ನೋಡುವವನಂತೆ ನೋಡಿದ. ದೊಡ್ಡ ಮನೆಯವರ ವಿನಯ ಅಂದರೆ ಇದೇ ಇರಬೇಕು, ಮಕ್ಕಳಿಗೂ ಹೇಳಿಕೊಂಡಿಲ್ಲ ಎಂದುಕೊಂಡರು ಇಂದಿರಮ್ಮ. ಈ ಹೆಸರಿನವರು ಬೇರೆ ಯಾರೂ ಉಳಿದಿಲ್ಲ, ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ ಎಂದೂ ಪಿಯೆತ್ರೊ ಹೇಳಿದರು.

ಆ ವಾರದೊಳಗೆ ಪರ್ತ್‌ನ ಕನ್ನಡದವರಿಗೆಲ್ಲ ಗೋಪುರದ ಸಂಬಂಧ ಬೆಳೆಸಿದ ಸುದ್ದಿ ತಲುಪಿತು. ಹುಡುಕಬೇಡಿ ಎಂದರೆ ಸುಮ್ಮನಿರುವ ಜೀವವೇ ಅದು? ನಿಕಿತಾಳನ್ನು ಕಾಡಿ ಕಂಪ್ಯೂಟರಿನಲ್ಲಿ ನೋಡಿಸಿದರು. ಬ್ರುಮಾಲ್ಬಾ ಎಂಬವರು ಇಟಲಿಯಲ್ಲಿ ಈಗ ಒಬ್ಬರೂ ಇರಲಿಲ್ಲ. ಇದ್ದದ್ದು ಮೂರೇ ಊರುಗಳಲ್ಲಿ, ಮೂರೂ ಆಸ್ಟ್ರೇಲಿಯಾದಲ್ಲಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್. ಎಲ್ಲ ಸೇರಿ ಹನ್ನೊಂದು ಜನ. ಆದರೆ ವಿಳಾಸ ಸಿಗಲಿಲ್ಲ. ಇಂದಿರಮ್ಮ ತಮಗೆ ಗೊತ್ತಿದ್ದ ಕನ್ನಡ ವಾಟ್ಸಾಪ್ ಗುಂಪುಗಳಿಗೆಲ್ಲ ಒಂದು ಸಾಲು ಹಾಕಿದರು. ಮರುದಿನ ಬೆಳಗ್ಗೆ ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ಗೌರಿ ಎಂಬಾಕೆಯ ಉತ್ತರ ಬಂದಿತ್ತು. ತನ್ನ ಮಗ ಅಮೋಘನಿಗೆ ಈಜು ಕಲಿಸುವ ಡೀನೋ ಎಂಬಾತನ ಸರ್‌ನೇಮ್ ಅದೇ, ಮನೆಯೂ ಹತ್ತಿರವೇ, ಬನ್ನಿ ಆಂಟಿ ಎಂದು.

ಫೋನ್ ಮಾಡಿ ಕರೆದರಾಯಿತಲ್ಲ ಎಂದ ಅಳಿಯ ಅಭಿನಂದನ್. ಮೂವತ್ತೊಂದು ವರ್ಷ ಫೋನಿನ ಜೊತೆ ಬದುಕಿದವರಿಗೆ ಫೋನಿನ ಯೋಗ್ಯತೆ ಗೊತ್ತಿತ್ತು. "ಫೋನಲ್ಲಿ ಹೇಳಿದ್ರೆ ಅದು ಬರೀ ಸುದ್ದಿ ಕಣಪ್ಪ. ಮನೆ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಕರೆದ್ರೆ ತಾನೆ ಮದುವೆ?" ಎಂದು ಬೆಳ್ಳಿಯ ಕುಂಕುಮದ ಭರಣಿ, ಅಕ್ಷತೆ, ಮದುವೆ ಕಾಗದ ಕಟ್ಟಿಕೊಂಡು ವಿಮಾನ ಹತ್ತಿದರು. ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯವರೇ ಹೋಗಿ ಕರೆದ ಮದುವೆ ಬಹುಶಃ ಇದೊಂದೇ.

ಬಾಗಿಲಿನ ಸೊಳ್ಳೆಪರದೆಯ ಆಚೆಯಿಂದ ಡೀನೋ ಈ ರೇಷ್ಮೆ ಸೀರೆಯವರನ್ನೂ ಕೈಯಲ್ಲಿದ್ದ ತೆಂಗಿನಕಾಯಿಯನ್ನೂ ನೋಡಿ, ನಮಗೆ ಈಗಾಗಲೇ ಒಂದು ಚರ್ಚ್ ಇದೆ ಎಂದು ವಿನಯದಿಂದ ಹೇಳಿದ. ಗೌರಿ ನಗುತ್ತ ಎಲ್ಲ ಬಿಡಿಸಿ ಹೇಳಿದಳು. ಅರ್ಧ ಗಂಟೆಯಲ್ಲಿ ಡೀನೋನ ಹೆಂಡತಿಯ ಹಣೆಯಲ್ಲಿ ಕುಂಕುಮ, ಮೂರು ಮಕ್ಕಳ ತಲೆಯ ಮೇಲೆ ಅಕ್ಷತೆ. ಐವರೂ ಬರುತ್ತೇವೆ ಎಂದರು. ಮನೆತನದ ವಿಷಯ ತನಗೆ ಗೊತ್ತಿಲ್ಲ, ಅಡಿಲೇಡಿನಲ್ಲಿ ತನ್ನ ಅಪ್ಪನ ಜೊತೆಗಿರುವ ಲೂಚಿಯಾ ಅತ್ತೆಯನ್ನು ಕೇಳಬೇಕು ಎಂದ ಡೀನೋ. ಇಂದಿರಮ್ಮ ಅಲ್ಲಿಂದ ನೇರ ಅಡಿಲೇಡಿಗೆ ಹೊರಟರು.

ಲೂಚಿಯಾಗೆ ಎಪ್ಪತ್ತಾರು. ಮದುವೆಯಾಗದ, ನಿವೃತ್ತ ಶಾಲಾ ಟೀಚರು. ನಿಮ್ಮ ಗೋಪುರ ನೋಡಿದ್ದೀರಾ ಎಂದು ಇಂದಿರಮ್ಮ ಕೇಳಿದಾಗ ಆಕೆ ಕಾಫಿ ಚೆಲ್ಲುವಷ್ಟು ನಕ್ಕರು. ಆಮೇಲೆ ಒಳಗೆ ಹೋಗಿ ಒಂದು ಹಾಳೆಯ ನಕಲು ತಂದಿಟ್ಟರು. ಇಟಲಿಯ ಒಂದು ಅನಾಥಾಲಯದ ದಾಖಲೆ. ತಾವೇ ಹೋಗಿ ತಂದದ್ದು.

ಒಂದು ಸಾವಿರದ ಒಂಬೈನೂರ ಒಂಬತ್ತರ ಚಳಿಗಾಲದ ಒಂದು ಬೆಳಗ್ಗೆ ಆ ಬಾಗಿಲಲ್ಲಿ ಎರಡು ಗಂಡು ಕೂಸುಗಳು ಸಿಕ್ಕವು. ಒಂದಕ್ಕೆ ತಿಂಗಳಾಗಿತ್ತು, ಇನ್ನೊಂದು ಹುಟ್ಟಿ ಒಂದು ದಿನದ್ದು. ಹಾಗಾಗಿ ಅವಳಿ ಅಲ್ಲ, ಒಂದೇ ತಾಯಿಯವೂ ಅಲ್ಲ. ಹೆತ್ತವರು ಯಾರೋ. ಗುಮಾಸ್ತ ಕಿಟಕಿಯಿಂದ ಹೊರಗೆ ನೋಡಿದ. ಮಂಜು ಮುಸುಕಿದ ಬೆಳಗು. ಅವರ ಭಾಷೆಯಲ್ಲಿ ಬ್ರುಮಾ ಅಂದರೆ ಮಂಜು, ಆಲ್ಬಾ ಅಂದರೆ ಬೆಳಗು. ಅದನ್ನೇ ಕೂಡಿಸಿ ಬ್ರುಮಾಲ್ಬಾ ಎಂದು ಇಬ್ಬರಿಗೂ ಒಂದೇ ಹೆಸರು ಬರೆದ. ಅದಕ್ಕಿಂತ ಹಿಂದೆ ಆ ಹೆಸರೇ ಇರಲಿಲ್ಲ. ಒಬ್ಬ ನತಾಲೆ, ಪಿಯೆತ್ರೊ ಅವರ ಅಪ್ಪ. ಇನ್ನೊಬ್ಬ ಸಿಲ್ವೆಸ್ತ್ರೊ, ಲೂಚಿಯಾ ಅವರ ಅಪ್ಪ. ಅಣ್ಣತಮ್ಮಂದಿರಂತೆ ಬೆಳೆದು, ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಸಂಸಾರ ಸಮೇತ ಒಂದೇ ಹಡಗು ಹತ್ತಿದರು. ನತಾಲೆ ಫ್ರೀಮ್ಯಾಂಟಲ್‌ನಲ್ಲಿ ಇಳಿದ, ಸಿಲ್ವೆಸ್ತ್ರೊ ಮುಂದೆ ಅಡಿಲೇಡಿಗೆ ಹೋದ. ಇಟಲಿಯ ಬ್ರುಮಾಲ್ಬಾಗಳು ಅಲ್ಲಿಗೆ ಮುಗಿದರು. ಎರಡು ವರ್ಷ ಕಾಗದ ಬಂದವು, ಆಮೇಲೆ ನಿಂತವು. ತನ್ನ ಅಪ್ಪ ಸಾಯುವವರೆಗೂ ಅಂಚೆಯವನನ್ನು ಕಾಯುತ್ತಿದ್ದರು ಎಂದರು ಲೂಚಿಯಾ.

ಇಂದಿರಮ್ಮನಿಗೆ ಮೊದಲು ಬಂದ ಯೋಚನೆ, ಪರ್ತ್‌ನವರಿಗೆ ಈಗ ಏನು ಹೇಳುವುದು ಎಂದು. ಸುಳ್ಳೇಕೆ, ಅದೇ ಬಂದದ್ದು. ಮರುಗಳಿಗೆಗೆ ಪಿಯೆತ್ರೊ ಗ್ಲಾಸು ಕೆಳಗಿಟ್ಟ ಕೈ ನೆನಪಾಯಿತು. ಆ ಗೋಪುರ ಕಟ್ಟಿಸಿದ್ದು ತನ್ನ ಪ್ರಶ್ನೆಯೇ ಎಂದು ಹೊಳೆದು ನಾಚಿಕೆಯಾಯಿತು. ಲೂಚಿಯಾಗೆ ಕುಂಕುಮವಿಟ್ಟು, ಅವರ ಅಣ್ಣ, ಡೀನೋನ ಅಪ್ಪ ಆಲ್ದೊಗೆ ಅಕ್ಷತೆ ಹಾಕಿ, ಹಡಗಿನ ಮೇಲೆ ನತಾಲೆ, ಸಿಲ್ವೆಸ್ತ್ರೊ ಇಬ್ಬರೂ ನಿಂತಿರುವ ಒಂದು ಫೋಟೋ ಕೇಳಿ ಪಡೆದು ಹೊರಟರು.

ಪರ್ತ್‌ಗೆ ಮರಳಿದವರೇ ಸ್ವಾನ್ ವ್ಯಾಲಿಗೆ ಹೋದಾಗ ಪಿಯೆತ್ರೊ ದ್ರಾಕ್ಷಿ ಬಳ್ಳಿ ಸವರುತ್ತಿದ್ದರು. ಅಪರ್ಣಾ ಕಾರಿನಲ್ಲೇ ಕೂತಳು. ಇಂದಿರಮ್ಮ ಫೋಟೋ ಕೈಗಿಟ್ಟರು. ಪಿಯೆತ್ರೊ ಬಹಳ ಹೊತ್ತು ನೋಡಿದರು. ಹಡಗಿನಲ್ಲಿ ತನಗೆ ಏಳು ವರ್ಷ, ಈ ಚಿಕ್ಕಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸುತ್ತಿದ್ದ ಎಂದರು. ಆಮೇಲೆ ಕತ್ತರಿ ಕೆಳಗಿಟ್ಟರು.

"ಅಪ್ಪ ಇದನ್ನ ಒಂದೇ ಸಲ ಹೇಳಿದ್ದು. ಅಲ್ಲಿ ಅವನನ್ನ ಬಾಗಿಲಲ್ಲಿ ಸಿಕ್ಕಿದವನು ಅಂತ ಕರೀತಿದ್ರು. ಇಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ತಮ್ಮನಿಗೂ ಕಾಗದ ಬರೆಯೋದು ಬಿಟ್ಟ. ನೀವು ಡಾಕ್ಟರ ಮನೆಯವರು, ಬಂದ ದಿನವೇ ಮೂಲ ಕೇಳಿದಿರಿ. ನಾನು ಏನು ಹೇಳಬೇಕಿತ್ತು?"

ಮದುವೆ ನಡೆಯಲಿ, ತಾನು ಮಾತ್ರ ಬರುವುದಿಲ್ಲ ಎಂದರು. ಮಂಟಪದಲ್ಲಿ ಹಿರಿಯರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಾರೆ ಎಂದು ಮಾರ್ಕೊ ಹೇಳಿದ್ದನಂತೆ. ತಮ್ಮ ಸರದಿ ಬಂದಾಗ ಹಿಂದೆ ಏನೂ ಇಲ್ಲ ಎಂಬುದು ಊರಿಗೆಲ್ಲ ಕೇಳಿಸುತ್ತದಲ್ಲ.

ಇಂದಿರಮ್ಮ ಪಕ್ಕದ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಮಂಡಿ ನೋವು, ನಿಂತು ಹೇಳುವ ಮಾತೂ ಅದಲ್ಲ.

"ಮೊದಲು ನನ್ನ ತಪ್ಪು ಒಪ್ಕೋತೀನಿ. ಕೇಳಬಾರದ್ದು ಕೇಳಿದೆ. ಇನ್ನು ಆ ಪಟ್ಟಿ ಕೇಳಿ, ಅದರಲ್ಲಿ ಇರೋದು ಮೂರೇ ತಲೆಮಾರು. ಮಾರ್ಕೊನ ಅಪ್ಪ ಪಾವ್ಲೊ, ಅಜ್ಜ ನೀವು, ಮುತ್ತಜ್ಜ ನತಾಲೆ. ಮುಗೀತು. ಅದಕ್ಕಿಂತ ಹಿಂದೆ ಯಾರಿದ್ರು ಅಂತ ನಾವು ಮಹಾರಾಜರನ್ನೂ ಕೇಳಲ್ಲ."

ಇನ್ನೊಂದು ವಿಷಯವಿದೆ ಎಂದು ಮುಂದುವರಿಸಿದರು. ನಮ್ಮಲ್ಲಿ ಪ್ರತಿ ಮನೆತನವನ್ನೂ ಒಬ್ಬ ಋಷಿಯ ಹೆಸರಿನಲ್ಲಿ ಹೇಳುತ್ತಾರೆ, ಅದು ಗೋತ್ರ. ಅಳಿಯನ ಮನೆಯವರದು ಭಾರದ್ವಾಜ. ಗೋತ್ರ ಗೊತ್ತಿಲ್ಲದವರೂ ಬೇಕಾದಷ್ಟು ಜನ ಇರುತ್ತಾರೆ. "ಅವರಿಗೆಲ್ಲ ಕಾಶ್ಯಪ ಗೋತ್ರ. ಗೊತ್ತಿಲ್ಲದವರೆಲ್ಲ ಆ ಋಷಿಯ ಮಕ್ಕಳು. ಅವನು ಯಾರನ್ನೂ ಬಾಗಿಲಲ್ಲಿ ಬಿಟ್ಟವನಲ್ಲ. ನಾನೇ ಎಷ್ಟೋ ಮದುವೆಗಳಲ್ಲಿ ಕಾಶ್ಯಪ ಹೇಳಿಸಿದೀನಿ, ಒಂದೂ ಮುರಿದಿಲ್ಲ."

ಪಿಯೆತ್ರೊ ಫೋಟೋದಲ್ಲಿದ್ದ ಸಿಲ್ವೆಸ್ತ್ರೊ ಮೇಲೆ ಬೆರಳಿಟ್ಟು, ಇವನಿಗೂ ಅದೇನಾ ಎಂದು ಕೇಳಿದರು.

"ಒಂದೇ ಬೆಳಗ್ಗೆ, ಒಂದೇ ಬಾಗಿಲು, ಒಂದೇ ಹೆಸರು. ಅಣ್ಣತಮ್ಮ ಅನ್ನಿಸ್ಕೊಳ್ಳೋಕೆ ಇನ್ನೇನು ಬೇಕು, ಬೀಗರೇ?"

ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಕತ್ತರಿ ಎತ್ತಿಕೊಂಡು ಮುಂದಿನ ಬಳ್ಳಿಗೆ ಹೋದರು.

ಅಕ್ಟೋಬರಿನಲ್ಲಿ ಮದುವೆ. ಪುರೋಹಿತರು ರಮಾಕಾಂತ್, ವಾರದ ದಿನಗಳಲ್ಲಿ ಗಣಿ ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುವವರು. ಬ್ರಿಸ್ಬೇನಿನ ಐವರು, ಅಡಿಲೇಡಿನ ಇಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ನಡುವೆ ಒಂದು ಕುರ್ಚಿ ಖಾಲಿ. ಮಾಂಗಲ್ಯದ ಮುಹೂರ್ತ ಹತ್ತಿರವಾದಂತೆ ಇಂದಿರಮ್ಮ ಮಂಟಪಕ್ಕಿಂತ ಹೆಚ್ಚಾಗಿ ಬಾಗಿಲನ್ನೇ ನೋಡುತ್ತಿದ್ದರು. ಕನ್ಯಾದಾನಕ್ಕೆ ಇನ್ನೇನು ಕೂರಬೇಕು, ಹಳೆಯ ಕಪ್ಪು ಸೂಟು ಹಾಕಿಕೊಂಡು ಪಿಯೆತ್ರೊ ಒಳಗೆ ಬಂದರು. ಲೂಚಿಯಾ ಅವರನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಎಪ್ಪತ್ತೆರಡು ವರ್ಷದ ಮೇಲೆ.

"ಕಾಶ್ಯಪ ಗೋತ್ರೋದ್ಭವಸ್ಯ, ನತಾಲೆ ಬ್ರುಮಾಲ್ಬಾ ನಾಮ್ನಃ ಪ್ರಪೌತ್ರಾಯ" ಎಂದು ರಮಾಕಾಂತ್ ಮೈಕಿನಲ್ಲಿ ಶುರು ಮಾಡಿದರು. ಈ ಹೆಸರುಗಳನ್ನು ಮೂರು ಸಲ ಹೇಳುವುದು ಪದ್ಧತಿ. ಮೊದಲ ಸಲ ಅಪ್ಪನ ಹೆಸರು ಕೇಳಿದಾಗ ಪಿಯೆತ್ರೊ ಅಲ್ಲಾಡಲಿಲ್ಲ. ಎರಡನೇ ಸಲ ಕೇಳಿದಾಗ ಎದ್ದು ನಿಂತರು, ಶಾಲೆಯಲ್ಲಿ ಹಾಜರಿ ಕೂಗಿದಾಗ ನಿಲ್ಲುವ ಹಾಗೆ. ಅವರನ್ನು ನೋಡಿ ಲೂಚಿಯಾ ಎದ್ದರು, ಆಲ್ದೊ ಎದ್ದರು, ಡೀನೋ ಮನೆಯವರು ಎದ್ದರು. ಇದು ಗಂಡಿನ ಕಡೆಯವರ ಸಂಪ್ರದಾಯ ಇರಬೇಕು, ಕೂತಿದ್ದರೆ ಅವಮರ್ಯಾದೆ ಎಂದುಕೊಂಡ ಹೆಣ್ಣಿನ ಕಡೆಯವರೂ ದಡಬಡಿಸಿ ಎದ್ದರು. ಮೂರನೇ ಸಲ ನತಾಲೆ ಬ್ರುಮಾಲ್ಬಾ ಎಂದಾಗ ಛತ್ರಕ್ಕೆ ಛತ್ರವೇ ನಿಂತಿತ್ತು. ಇಂದಿರಮ್ಮನೂ ಮಂಡಿ ಹಿಡಿದುಕೊಂಡು ನಿಂತರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ.

ಬೀಗರ ಊಟದಲ್ಲಿ ಹನ್ನೊಂದು ಜನ ಬ್ರುಮಾಲ್ಬಾಗಳು ಇನ್ನೂರ ಇಪ್ಪತ್ತು ಜನರಿಗೆ ಸಮನಾಗಿ ಗಲಾಟೆ ಮಾಡಿದರು.

ಮೊನ್ನೆ ಅದೇ ಛತ್ರದಲ್ಲಿ ಸಿಂಚನಾ ಎಂಬ ಹುಡುಗಿಯ ಮದುವೆ. ಎರಡೂ ಕಡೆಯವರು ಮೈಸೂರಿನವರೇ. ಹುಡುಗನ ಮುತ್ತಜ್ಜನ ಹೆಸರು ಹೇಳಿದಾಗ ಅರ್ಧ ಸಭೆ ಎದ್ದು ನಿಂತಿತು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬಾಕೆ ಗಾಬರಿಯಾಗಿ ಎದ್ದು, ಇದ್ಯಾವ ಪದ್ಧತಿ ಆಂಟಿ, ಹಳೇದಾ ಎಂದು ಇಂದಿರಮ್ಮನನ್ನು ಕೇಳಿದಳು.

"ನಮ್ಮ ಬೀಗರ ಮನೆತನದ್ದಮ್ಮ. ತುಂಬಾ ಹಳೇದು. ಅವರಿಗೆ ಇಟಲಿಯಲ್ಲಿ ಒಂದು ಗೋಪುರ ಇತ್ತು, ಅದರಷ್ಟೇ ಹಳೇದು" ಎಂದರು ಇಂದಿರಮ್ಮ, ಮತ್ತು ಅದನ್ನೇ ಇಂಗ್ಲಿಷಿನಲ್ಲಿ ಪಕ್ಕಕ್ಕೆ ತಿರುಗಿ ಹೇಳಿದರು. ಎಲ್ಲರಿಗಿಂತ ಮೊದಲು ಎದ್ದು ನಿಂತಿದ್ದ ಪಿಯೆತ್ರೊ ನಗು ತಡೆಯಲಾಗದೆ ಅವರ ಭುಜ ಹಿಡಿದುಕೊಂಡರು.