ಮಹೇಶನ ಸೈಕಲ್ಲಿನ ಕಿರುಚಾಟ

ನೆದರ್ಲೆಂಡ್ಸಿನ ನೈಮೆಗನ್‌ ಊರಲ್ಲಿ ನನ್ನ ಮಗಳ ಮನೆ ಮಹಡಿ ಮೇಲೆ ಬಾಡಿಗೆಗಿರೋ ಮಹೇಶ, ಸಂಜೆಯಾದರೆ ಎದುರುಮನೆ ಡಚ್ ಹುಡುಗಿ ಬಾಗಿಲಲ್ಲಿ ಸೈಕಲ್ ನಿಲ್ಲಿಸ್ತಾನೆ. ಆ ಬ್ರೇಕಿನ ಕಿರ್ರ್ ಸದ್ದು ನಮ್ಮ ಅಡುಗೆಮನೆವರೆಗೂ ಬರುತ್ತೆ. ಮೊನ್ನೆ ಆ ಸವೆದ ಬ್ರೇಕ್ ಹಿಡೀದೆ ಹಿಮದಲ್ಲಿ ಜಾರಿ ಮೊಣಕೈ ತರಚಿಕೊಂಡ. ಪಾಪ, ಹೆತ್ತವರು ದೂರ ಇದ್ದಾರೆ ಅಂತ ನಾನೇ ಅವನನ್ನ ಸೈಕಲ್ ಅಂಗಡಿಗೆ ಎಳಕೊಂಡು ಹೋದೆ.

ಅಂಗಡಿಯವನು ಎರಡು ಥರದ ಬ್ರೇಕ್ ಪ್ಯಾಡ್ ತೋರಿಸಿದ. ಲೋಹದ್ದು ಮಳೆ-ಹಿಮದಲ್ಲೂ ಗಟ್ಟಿಯಾಗಿ ಹಿಡಿಯುತ್ತಂತೆ, ಆದರೆ ಕಿರುಚುತ್ತಂತೆ. ಮೆತ್ತನೇದಕ್ಕೆ ಸದ್ದಿಲ್ಲ, ಒದ್ದೆಯಲ್ಲಿ ಹಿಡಿತವೂ ಕಮ್ಮಿ. ಸದ್ದಾದರೆ ಗುಟ್ಟು ರಟ್ಟಾಗುತ್ತಲ್ಲ, ನಮ್ಮ ಪುಣ್ಯಾತ್ಮ ಮಹೇಶ ಮೆತ್ತನೇದಕ್ಕೇ ಕೈ ಹಾಕಿದ!

"ಲೋಹದ್ದು ತಗೊಳ್ಳೋ. ಜೀವ ಇದ್ದರೆ ತಾನೇ ಪ್ರೀತಿ? ನಿನ್ನ ವಿಷಯ ಬೀದಿಗೆಲ್ಲ ಗೊತ್ತು," ಅಂದೆ.

ಅವನ ಮುಖ ಕೆಂಪಾಯ್ತು. "ಯಾರು ಹೇಳಿದ್ದು ಅಜ್ಜೀ?"

"ನಿನ್ನ ಬ್ರೇಕೇ ಕಣೋ!"

ಸುಳ್ಳೇನಲ್ಲ. ಬ್ರೇಕಿಗೆ ಹೆಸರು ಹೇಳೋಕೆ ಬರಲ್ಲ, ಅದು ಯಾರ ಸೈಕಲ್, ಯಾರ ಬಾಗಿಲು ಅನ್ನೋದಷ್ಟನ್ನ ಮಾತ್ರ ಬೀದಿಯವರಿಗೆ ನಾನು ಹೇಳಿದ್ದೆ.