ಅಪ್ಪ ತಟ್ಟೆ ಎತ್ತಿಕೊಂಡು ಒಳಗೆ ಹೋದದ್ದು

ನಾನು ಚಿಕ್ಕವನಿದ್ದಾಗ ಹೋಟೆಲಿನಲ್ಲಿ ಗಿರಾಕಿಯಾಗಿ ಕೂತು ತಿಂದವನೇ ಅಲ್ಲ, ಒಂದು ದಿನದ ಹೊರತು. ಕಾಪು ಪೇಟೆಯ ಆ ಹೋಟೆಲು ನಮ್ಮದೇ ಆಗಿತ್ತಲ್ಲ! ನಾವು ಅಡುಗೆಮನೆಯ ಮೂಲೆಯಲ್ಲಿ ನಿಂತು ತಿನ್ನುತ್ತಿದ್ದೆವು, ತಟ್ಟೆ ನಾವೇ ತೊಳೆಯುತ್ತಿದ್ದೆವು. ಕಟ್ಟಿಗೆಯ ಹೊಗೆ ಕುಡಿದು ಕುಡಿದು ಅಪ್ಪನಿಗೆ ದಮ್ಮು ಹಿಡಿಯಿತು. ಇನ್ನು ಒಲೆಯ ಹತ್ತಿರ ಸುಳಿಯಲೇಬಾರದು ಎಂದು ಡಾಕ್ಟರು ಗದರಿಸಿದ ಮೇಲೆ ಅಪ್ಪ ಹೋಟೆಲನ್ನು ಮಾರಿಬಿಟ್ಟರು. ಕೊಂಡವರು ಬೊಂಬಾಯಿಯಲ್ಲಿ ಹೋಟೆಲು ನೋಡಿಕೊಂಡಿದ್ದು ಊರಿಗೆ ಮರಳಿದವರು. ಅಡುಗೆಯ ಭಟ್ಟರು ಮಾತ್ರ ಹಳಬರೇ ಉಳಿದರು.

ಹೋಟೆಲು ತೆರೆಯುವ ದಿನ ಹೊಸ ಧಣಿ ಮನೆಗೇ ಬಂದು ಅಪ್ಪನನ್ನು ತಿಂಡಿಗೆ ಕರೆದರು. ಅವರಿಗೆ ಪಾಪ, ಹೆದರಿಕೆ. ಬಸ್ಸಿನ ಡ್ರೈವರುಗಳು, ಮೀನು ವ್ಯಾಪಾರದವರು, ಹಳೆಯ ಗಿರಾಕಿಗಳೆಲ್ಲ ಅಪ್ಪ ತಿಂದು ಒಪ್ಪಿದರೆ ಮಾತ್ರ ತಾವು ತಿನ್ನುವುದು, ಇಲ್ಲದಿದ್ದರೆ ಎದುರಿನ ಹೋಟೆಲು ಇದ್ದೇ ಇದೆ ಎಂದುಬಿಟ್ಟಿದ್ದರು. ಅಪ್ಪ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೊರಟರು. ಅಕ್ಕ ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಇದ್ದಳು. ಅಪ್ಪನ ಕುರ್ಚಿಯಲ್ಲಿ ಬೇರೆಯವರು ಕೂರುವುದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಒಳಗೆ ಹೊಸ ಸುಣ್ಣದ ವಾಸನೆ, ಅದರ ಜೊತೆಗೆ ತೆಂಗಿನೆಣ್ಣೆಯ ಒಗ್ಗರಣೆಯ ಪರಿಮಳ. ಬೆಂಚುಗಳೆಲ್ಲ ಭರ್ತಿ, ಆದರೆ ಒಬ್ಬರೂ ತಿಂಡಿ ಹೇಳಿರಲಿಲ್ಲ. ಎಲ್ಲರ ಕಣ್ಣೂ ಅಪ್ಪನ ಮುಖದ ಮೇಲೆ. ಹೊಸ ಧಣಿ ತಾವೇ ಬಿಸಿ ಇಡ್ಲಿ, ಸಾಂಬಾರು ತಂದಿಟ್ಟರು. ಒರೆಸಿದ್ದ ಮೇಜನ್ನೇ ಮತ್ತೊಮ್ಮೆ ಒರೆಸಿದರು.

ಅಪ್ಪ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ಒಂದು ಕ್ಷಣ ನಿಂತಿತು. ನಾನೂ ತಿಂದು ನೋಡಿದೆ. ಅಯ್ಯೋ ದೇವರೇ, ಸಾಂಬಾರಿಗೆ ಉಪ್ಪೇ ಇಲ್ಲ!

ಯಾಕೆಂದು ನನಗೂ ತಕ್ಷಣ ಹೊಳೆಯಿತು. ನಮ್ಮ ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಹಾಕುತ್ತಿದ್ದದ್ದು ಯಾವತ್ತೂ ಅಪ್ಪನೇ. ಭಟ್ಟರು ಎಂದಿನಂತೆ ಉಪ್ಪು ಹಾಕದೆ ಇಳಿಸಿದ್ದರು. ಹೊಸ ಧಣಿಗೆ ಈ ಪದ್ಧತಿ ಗೊತ್ತೇ ಇಲ್ಲ, ಹೇಳಲು ಅಪ್ಪನಿಗೂ ನೆನಪಾಗಿರಲಿಲ್ಲ.

ಅಕ್ಕನ ಮುಖ ಅರಳಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮೇಜಿನ ಕೆಳಗೆ ಅವಳ ಕೈಯನ್ನು ಒತ್ತಿ ಹಿಡಿದರು. ಅಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು, ಆ ಮನುಷ್ಯನ ಹೋಟೆಲು ಮೊದಲ ದಿನವೇ ಮುಳುಗುತ್ತಿತ್ತು. ಅಪ್ಪ ಆ ಸಪ್ಪೆ ಸಾಂಬಾರನ್ನು ಒಂದು ಹನಿಯೂ ಉಳಿಸದೆ ತಿಂದರು. ಆಮೇಲೆ ತಟ್ಟೆ ಎತ್ತಿಕೊಂಡು ಸೀದಾ ಅಡುಗೆಮನೆಯತ್ತ ನಡೆದರು.

ಹೋಟೆಲಿಗೆ ಹೋಟೆಲೇ ಗೊಳ್ಳೆಂದು ನಕ್ಕಿತು.

"ಎಂತ ಧಣಿಗಳೇ, ಹೋಟೆಲು ಮಾರಿದ್ದು ಮರೆತು ಹೋಯಿತಾ?" ಎಂದು ಒಬ್ಬ ಡ್ರೈವರು ಕೇಳಿದ.

"ಹೌದು ಮಾರಾಯ, ಕಾಲಿಗೆ ಅಭ್ಯಾಸ ಉಂಟಲ್ವಾ," ಎಂದರು ಅಪ್ಪ.

ಯಾರ ಮುಂದೆಯೂ ತಲೆ ತಗ್ಗಿಸದ ನನ್ನ ಅಪ್ಪ ಅಂದು ನಗೆಪಾಟಲಾಗಿ ಆ ಹೊಗೆಯೊಳಗೆ ಹೋದರು. ಉಪ್ಪಿನ ಭರಣಿ ಎಲ್ಲಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗಿನಿಂದ ಕೆಮ್ಮು ಕೇಳತೊಡಗಿದಾಗ ಅಕ್ಕನ ಕಣ್ಣು ತುಂಬಿಬಂತು. ಏದುಸಿರು ಬಿಡುತ್ತಾ ಹೊರಬಂದ ಅಪ್ಪ, ಸಾಂಬಾರು ನಮ್ಮದೇ ರುಚಿ, ಎಲ್ಲರೂ ತಿನ್ನಿ ಎಂದರು. ಬೆಂಚುಬೆಂಚಿನಿಂದ ಇಡ್ಲಿಗೆ ಕೂಗು ಬಿತ್ತು. ಅಕ್ಕ ಹೊಸ ಧಣಿಯನ್ನೇ ಕರೆದು ಇನ್ನೊಂದು ಪ್ಲೇಟು ಕೇಳಿದಳು.

ನೀವು ಈಗಿನ ಮಕ್ಕಳು ಭಾರೀ ಜೋರು. ಮೊನ್ನೆ ಮಣಿಪಾಲದಲ್ಲಿ ಹೊಸಬರು ವಹಿಸಿಕೊಂಡ ಹೋಟೆಲಿಗೆ ಹೋದಾಗ, ಚಟ್ನಿ ಸಪ್ಪೆ ಎಂದು ಕೂತಲ್ಲಿಂದಲೇ ಮೊಬೈಲಿನಲ್ಲಿ ಒಂದು ಸ್ಟಾರ್ ಕೊಡಲು ಹೊರಟಿರಿ. ನಾನು ಪ್ಲೇಟು ಎತ್ತಿಕೊಂಡು ಅಡುಗೆಮನೆಗೆ ಹೊರಟರೆ, "ಅಜ್ಜಾ, ಅಲ್ಲೇ ಬಿಡಿ, ಎಲ್ಲರೂ ನೋಡ್ತಾ ಇದ್ದಾರೆ" ಎಂದು ನಾಚಿಕೆಯಿಂದ ಮುದುಡಿಹೋದಿರಿ. ನೋಡಲಿ ಬಿಡಿ. ಆಮೇಲೆ ಬಂದ ಚಟ್ನಿಯನ್ನು ಬೆರಳು ನೆಕ್ಕಿ ತಿಂದವರು ಯಾರು, ಹೇಳಿ ನೋಡುವಾ?