ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು

ವಿಜಯಪುರದಿಂದ ದಿನಾ ಬಸ್ಸಿನಲ್ಲಿ ತಿಕೋಟಾಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು ನಾನು. ನನಗೊಂದು ಹುಚ್ಚಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬಂತೆಂದರೆ ಅದನ್ನು ಹಾಕಿ ನೋಡುವ ತನಕ ನನಗೆ ಊಟ ಸೇರುವುದಿಲ್ಲ. ನಾನು ಬಳಸುವುದು ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ. ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ಕೂತವರು, ಒಬ್ಬರ ಮುಖ ಒಬ್ಬರು ಕಾಣದವರು, ಸೇರಿ ಕಟ್ಟುವಂಥದ್ದು. ವರ್ಷಕ್ಕೆ ಎರಡು ಸಲ, ಏಪ್ರಿಲ್‌ಗೊಂದು ಅಕ್ಟೋಬರ್‌ಗೊಂದು, ಹೇಳಿದ ತಾರೀಖಿಗೆ ಹೊಸದು ಬರುತ್ತದೆ. ನಮ್ಮ ಕಡೆ ಹೇಳಿದ ಹೊತ್ತಿಗೆ ಬಸ್ಸು ಬಂದರೆ ಜನ ತಮ್ಮ ಗಡಿಯಾರವೇ ಕೆಟ್ಟಿತೇನೋ ಎಂದು ನೋಡಿಕೊಳ್ಳುತ್ತಾರೆ. ಇಷ್ಟೊಂದು ಜನ, ಅದರಲ್ಲೂ ಎಷ್ಟೋ ಮಂದಿ ಸಂಬಳವಿಲ್ಲದವರು, ತಾರೀಖು ಹೇಗೆ ತಪ್ಪಿಸುವುದಿಲ್ಲ ಎಂಬುದು ನನಗೆ ಇವತ್ತಿಗೂ ಸೋಜಿಗವೇ.

ಹೊನವಾಡದಲ್ಲಿ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ದ್ರಾಕ್ಷಿ ಬೆಳೆಯುತ್ತಾರೆ. ಐವತ್ತು ದಾಟಿದ ಮೇಲೆ ಅವರ ಎರಡೂ ಕಣ್ಣಿನ ನೋಟ ಹೋಯಿತು. ತೋಟ ಬಿಡಲಿಲ್ಲ. ಬಳ್ಳಿಯ ಮೇಲೆ ಬೆರಳಾಡಿಸಿ ಕತ್ತರಿ ಎಲ್ಲಿ ಬೀಳಬೇಕೆಂದು ಆಳುಗಳಿಗೆ ತೋರಿಸುತ್ತಾರೆ, ತಪ್ಪಿದವರನ್ನು ಬೈಯುತ್ತಾರೆ. ಅವರನ್ನು ಕುಗ್ಗಿಸಿದ್ದು ಪೇಪರು. ಮುಂಜಾನೆ ಪೇಪರು ಓದಿಸಿಕೊಳ್ಳಲು ಅವರಿವರನ್ನು ಕರೆಯಬೇಕು. ಬಂದವರು ದೊಡ್ಡಕ್ಷರದ್ದನ್ನಷ್ಟೇ ಓದಿ, ಮತ್ತೇನಿಲ್ಲ ಎಂದು ಎದ್ದು ಹೋಗುವರು. ಇನ್ನೊಬ್ಬರ ಬಾಯಿ ಕಾಯುವುದು ಸಾಕಾಗಿ ಕಾಕಾ ಪೇಪರು ತರಿಸುವುದನ್ನೇ ಬಿಟ್ಟರು.

ಅದು ಗೊತ್ತಾದಾಗ ಸುಮ್ಮನಿರಲಾಗಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಈ ಸಿಸ್ಟಮ್ ಹಾಕಿ, ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ದನಿಯನ್ನು ಕೂಡಿಸಿ ಕೊಟ್ಟೆ. ಡಬ್ಬಿ ಬಡಿದಂಥ ದನಿ, ಆದರೂ ಕನ್ನಡ. ಯಾವ ಕೀಲಿ ಎಲ್ಲಿದೆ ಎಂದು ಕಾಕಾ ಮೂರು ತಿಂಗಳು ಕೂತು ಕಲಿತರು. ಆಮೇಲೆ ಇಂಟರ್ನೆಟ್ಟಿನಲ್ಲಿ ಬರುವ ಪೇಪರನ್ನು ಸಂಪಾದಕೀಯದಿಂದ ಹಿಡಿದು ತೀರಿಕೊಂಡವರ ಸುದ್ದಿಯ ತನಕ ತಾವೇ ಕೇಳತೊಡಗಿದರು. ಓದಿ ಹೇಳುತ್ತಿದ್ದವರಿಗೇ ಇವರು ಸುದ್ದಿ ಹೇಳುವಂತಾಯಿತು.

ಎಷ್ಟು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರಬೇಕು ಎಂಬುದಕ್ಕೆ ಆಗ ನನ್ನಲ್ಲಿ ಎರಡು ಉತ್ತರಗಳಿದ್ದವು. ನನಗಾದರೆ ಆರು ತಿಂಗಳೂ ತಡ. ಕಾಕಾನಂಥವರಿಗೆ ಎರಡು ವರ್ಷಕ್ಕೊಮ್ಮೆ ಬಂದು ಗಟ್ಟಿಯಾಗಿ ನಿಲ್ಲುವಂಥದ್ದು ಸಾಕು, ಬೆರಳಿಗೆ ರೂಢಿಯಾದ ದಾರಿ ಪದೇ ಪದೇ ಬದಲಾಗಬಾರದು. ಸಾಲೆಯ ಶಿಕ್ಷಕರ ಕೋಣೆಯಲ್ಲಿ ಇದನ್ನು ಬಹಳ ಗತ್ತಿನಿಂದ ಹೇಳುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಏಪ್ರಿಲ್‌ನಲ್ಲಿ ಹೋದಾಗ ಕಾಕಾನ ತೋಟದಲ್ಲಿ ಚಾಟ್ನಿ ನಡೆದಿತ್ತು. ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ಅದೂ ವರ್ಷಕ್ಕೆ ಎರಡು ಸಲ. ಏಪ್ರಿಲ್‌ನದು ಹೊಸ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್‌ನದು ಹಣ್ಣಿಗೆ. ಈ ವಾರ ಹೊಸ ಆವೃತ್ತಿ ಬರುತ್ತದೆ ಎಂದು ಬಾಯಿ ಬಿಟ್ಟೆ. ನಿನ್ನ ಮಷಿನ್ನಿಗೂ ನಮ್ಮ ಬಳ್ಳಿಗೂ ಒಂದೇ ತಿಂಗಳೇನು ಎಂದು ಕಾಕಾ ನಕ್ಕರು. ಎಷ್ಟೋ ವರ್ಷದಿಂದ ಎರಡನ್ನೂ ನೋಡುತ್ತ ಬಂದ ನನಗೆ ಇದು ಹೊಳೆದಿರಲಿಲ್ಲ.

ಕಾಕಾಗೆ ಅಷ್ಟೇ ಸಾಕಾಯಿತು. ತಾರೀಖು ಬಂತೆಂದರೆ ಕತ್ತರಿ ಹಚ್ಚಲೇಬೇಕು, ತಡ ಮಾಡಿದರೆ ಬಳ್ಳಿ ಹಾಳು ಎಂಬುದು ಅವರ ಜೀವಮಾನದ ನಿಯಮ. ಅದನ್ನೇ ಲ್ಯಾಪ್‌ಟಾಪಿಗೂ ಹಚ್ಚಿ, ಬಂದ ದಿನವೇ ಹಾಕಿಕೊಡು ಎಂದು ಹಟ ಹಿಡಿದರು. ಬೇಡವೆನ್ನಬೇಕಾದವಳು ನಾನು. ಕುಣಿಯುವವಳ ಕಾಲಿಗೆ ಗೆಜ್ಜೆ ಕಟ್ಟಿದಂತಾಗಿ, ಆ ಶನಿವಾರವೇ ಹಾಕಿದೆ.

ದನಿ ನಿಂತುಹೋಯಿತು. ಇಂಗ್ಲಿಷ್ ಪದಗಳನ್ನು ಓದುತ್ತಿತ್ತು, ಕನ್ನಡ ಬಂದ ಕೂಡಲೇ ಸುಮ್ಮನಾಗುತ್ತಿತ್ತು. ಕಾಕಾ ಮೂರು ಸಲ ಕೀಲಿ ಒತ್ತಿ, ಪ್ರತಿ ಸಲ ತಲೆ ಸ್ವಲ್ಪ ಬಾಗಿಸಿ ಕಾದರು. ಆಮೇಲೆ ಮೆಲ್ಲಗೆ, "ಮೂಕಾತೇನ ಬೇ?" ಅಂದರು. ನನ್ನ ಕೈ ನಾನೇ ಕಡಿದುಕೊಳ್ಳಬೇಕೆನಿಸಿತು.

ನಾಳೆ ಬಂದು ಹಳೆಯದನ್ನೇ ಹಾಕಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಆ ರಾತ್ರಿ ಆ ದನಿ ಮಾಡುವವರಿಗೆ ಹೀಗಾಗಿದೆ ಎಂದು ಬರೆದೆ. ಉತ್ತರ ಬಂದೀತೆಂಬ ನಂಬಿಕೆಯಿರಲಿಲ್ಲ. ಮರುದಿನ ಹೊನವಾಡದ ಬಸ್ಸಿನಲ್ಲಿದ್ದಾಗಲೇ ಬಂತು. ಯಾವ ದೇಶದವರೋ ತಿಳಿಯದು. ದನಿಯನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ಇಲ್ಲಿ ಯಾರಿಗೂ ನಿಮ್ಮ ಭಾಷೆಯ ಒಂದು ಪದವೂ ಬಾರದು, ದಿನಾ ಕೇಳುವವರೊಬ್ಬರು ಕೇಳಿ ತಪ್ಪು ಹೇಳಿದರೆ ಅಕ್ಟೋಬರ್‌ನೊಳಗೆ ಸರಿಯಾದೀತು, ಯಾರೂ ಸಿಗದಿದ್ದರೆ ಕನ್ನಡವನ್ನು ಕೈಬಿಡಬೇಕಾಗುತ್ತದೆ ಎಂದು ಬರೆದಿದ್ದರು.

ಕಾಕಾಗೆ ಓದಿ ಹೇಳಿದೆ. ನನ್ನದು ಸಾಲೆಗೆ ಬೇಕು, ಕಾಕಾ ಬಳಿ ಇದ್ದದ್ದು ಒಂದೇ ಲ್ಯಾಪ್‌ಟಾಪು, ಹೊಸ ದನಿ ಓಡುವುದು ಹೊಸ ಆವೃತ್ತಿಯಲ್ಲಷ್ಟೇ. ಹಳೆಯದು ಹಾಕಿದರೆ ನಾಳೆಯೇ ಪೇಪರು, ಹೊಸದನ್ನು ಇಟ್ಟುಕೊಂಡರೆ ಆರು ತಿಂಗಳು ಮತ್ತೆ ಅವರಿವರ ಬಾಯಿ ಕಾಯಬೇಕು. ಅವರು ಕೀಲಿಗಳ ಮೇಲೆ ಒಮ್ಮೆ ಬೆರಳಾಡಿಸಿದರು.

"ಹಳೇದು ಹಾಕಬ್ಯಾಡ," ಅಂದರು. "ಏಪ್ರಿಲ್ ಚಾಟ್ನಿ ಮಾಡಿ ಯಾರರ ಹಣ್ಣ ಕೇಳ್ತಾರೇನು? ನಾ ಕೇಳ್ತೇನಿ ಅಂತ ಅವರಿಗೆ ಬರಿ."

ಅಲ್ಲಿಂದ ಪ್ರತಿ ಶನಿವಾರ ಸಾಲೆ ಮುಗಿಸಿ ತಿಕೋಟಾದಿಂದ ಹೊನವಾಡಕ್ಕೆ ಹೋಗುವುದು ನನ್ನ ಪರಿಪಾಠವಾಯಿತು. ಆ ಅಪರಿಚಿತರು ದನಿಯ ಮಾದರಿ ಕಳಿಸುವರು, ಕಾಕಾ ಹೊರಸಿನ ಮೇಲೆ ಕೂತು ಕೇಳುವರು, ನಾನು ಬರೆದುಕೊಳ್ಳುವೆ. ಮೊದಲ ಮಾದರಿ ಮಾತಾಡಿತೇನೋ ಹೌದು, ಆದರೆ ಉಸಿರಿಲ್ಲದೆ ಓಡುತ್ತಿತ್ತು, ವಾಕ್ಯದ ಬಾಲ ನುಂಗಿ ಮುಂದಿನ ವಾಕ್ಯಕ್ಕೆ ಡಿಕ್ಕಿ ಹೊಡೆಯುತ್ತಿತ್ತು, ಅದರಲ್ಲಿ ಪೇಪರು ಕೇಳುವಂತಿರಲಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು, ಎಲ್ಲಿ ದನಿ ಇಳಿಯಬೇಕು ಎಂದು ಕಾಕಾ ಒಂದೊಂದೇ ತೋರಿಸಿದರು. ಒಂದು ಸಾಲನ್ನು ನಲವತ್ತು ಸಲ ಕೇಳಿದ್ದೂ ಉಂಟು. ಮಳೆಗಾಲದ ನಡುವೆ ಒಂದು ದಿನ, ಪಕ್ಕದ ಮನೆಯವರು ಪೇಪರು ಓದಲು ಬಿಡುವಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿಹೋದದ್ದನ್ನು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಸಾಕು, ಹಳೆಯದು ಹಾಕಿಬಿಡುತ್ತೇನೆ ಎಂದೆ. ಕಾಕಾ ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡು ಎರಡೂ ಕೈ ಅದರ ಮೇಲಿಟ್ಟರು. ಮುಂದಿನ ಮಾದರಿ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರು.

ಮತ್ತೊಮ್ಮೆ, ದನಿ ಕಟ್ಟುವ ಆ ಮನುಷ್ಯನಿಗೆ ತಾನು ತಿದ್ದುತ್ತಿರುವ ಮಾತಿನ ಅರ್ಥವಾದರೂ ತಿಳಿಯುತ್ತದೆಯೇ ಎಂದು ವಿಚಾರಿಸಿದರು. ಒಂದಕ್ಷರವೂ ತಿಳಿಯದು ಎಂದೆ. "ತಾ ತಿನ್ನಲಾರದ ಹಣ್ಣಿಗೆ ಇಷ್ಟ ದುಡೀತಾನಲ್ಲ," ಎಂದು ಕಾಕಾ ಕೈ ಮುಗಿದರು, ಯಾವ ದಿಕ್ಕಿಗೆಂದು ತಿಳಿಯದೆ ಸುಮ್ಮನೆ ಎದುರಿಗೆ. ನನಗೂ ಕೈ ಮುಗಿಯಬೇಕೆನಿಸಿತು, ಆದರೆ ನಾನು ಮುಗಿದದ್ದು ಕಾಕಾಗೆ.

ಅಕ್ಟೋಬರ್‌ನಲ್ಲಿ ಹೇಳಿದ ತಾರೀಖಿಗೇ ಹೊಸ ಆವೃತ್ತಿ ಬಂತು. ಹಾಕಿ ಕೊಟ್ಟೆ. ಡಬ್ಬಿಯ ಸದ್ದಿಲ್ಲ, ಓಟವಿಲ್ಲ. ಮನುಷ್ಯರು ಓದುವ ಹಾಗೆ ನಿಂತು, ಉಸಿರೆಳೆದು ಓದಿತು. ಕಾಕಾ ಅಂದಿನ ಪೇಪರನ್ನು ಜಾಹೀರಾತನ್ನೂ ಬಿಡದೆ ಕೇಳಿದರು. ನನ್ನನ್ನು ಕಳಿಸಿಕೊಡಲು ಹೊಸ್ತಿಲ ತನಕವೂ ಬರಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮರುತಿಂಗಳು ಶಿಕ್ಷಕರ ತರಬೇತಿಗೆಂದು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಸಮಾಜ ಪಾಠ ಮಾಡುವ ಕಣ್ಣು ಕಾಣದ ಶಿಕ್ಷಕಿಯೊಬ್ಬರು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದರು. ಅವರ ಲ್ಯಾಪ್‌ಟಾಪಿನಲ್ಲಿ ಇದೇ ಆವೃತ್ತಿ. ಹೇಗಿದೆ ಎಂದು ಕೇಳಿದೆ.

"ಈ ಸಲದ್ದು ಭಾಳ ಚಲೋ ಐತ್ರಿ," ಅಂದರು. "ಮೊದಲಿಂದು ಕೇಳಿದ್ರ ನನ್ನ ತಲಿ ಸಿಡೀತಿತ್ತು. ಈಗ ಮನಿ ಮಂದಿ ಓದಿ ಹೇಳಿದಂಗ ಆಗತೈತಿ. ಯಾರೋ ಹೊರದೇಶದವ್ರು ಮಾಡ್ಯಾರ, ನಮ್ಮ ಮಾತು ಅವರಿಗೆ ಹ್ಯಾಂಗ ಗೊತ್ತಾತೋ ಏನೋ."

ಹೊನವಾಡದವರೊಬ್ಬರು ಆರು ತಿಂಗಳು ಪೇಪರು ಬಿಟ್ಟು ಕಲಿಸಿದ್ದು ಎಂದು ಹೇಳಿ, ಕಾಕಾಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಆ ಶಿಕ್ಷಕಿ, ನಿಮ್ಮಿಂದ ಬಹಳ ಉಪಕಾರವಾಯಿತು ಎನ್ನತೊಡಗಿದರು. ಕಾಕಾ ಅದನ್ನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಅವರ ಮಾತು ನನಗೂ ಕೇಳುವಷ್ಟು ಜೋರಾಗಿತ್ತು.

"ಅದಿರ್ಲಿ ತಂಗಿ. ಇನ್ನೂ ಎಲ್ಲೆಲ್ಲಿ ಎಡವತೈತಿ, ಅದನ್ನ ಹೇಳು. ಏಪ್ರಿಲ್ ದೂರಿಲ್ಲ."